ಇಂಗ್ಲಿಷಿಗೂ ಒಂದು ಹಳಗನ್ನಡ ಇದೆ, ಗೆಳೆಯಾ

ಪ್ರೀತಿಯ ಗೆಳೆಯಾ,

ನಿನ್ನ ಪತ್ರಕ್ಕೆ ಉತ್ತರ ಬರೆಯುವುದಕ್ಕೆ ಒಂದು ತಿಂಗಳೇ ತೆಗೆದುಕೊಂಡೆ, ಕ್ಷಮಿಸು. "ಇಂಗ್ಲಿಷ್ ಸಾಹಿತ್ಯ ಓದಲಿಕ್ಕೆ ಅಷ್ಟು ದೂರ ಹೋಗಬೇಕಿತ್ತಾ? ಅಲ್ಲಿ ಅಂಥಾದ್ದೇನು ಕಲಿಸಿದರು?" ಅಂತ ಕೇಳಿದ್ದೀಯ. ನಾಲ್ಕು ಸಾಲಿನಲ್ಲಿ ಹೇಳಿ ಮುಗಿಸೋಣ ಅಂದುಕೊಂಡಿದ್ದೆ, ಆಗಲಿಲ್ಲ. ಈ ಉತ್ತರದಲ್ಲಿ ನಿನ್ನ ಪಾಲೂ ಇದೆ.

ನಾನು ಓದುತ್ತಿರುವುದು ಅಮೆರಿಕದ ಒಹಾಯೋ ರಾಜ್ಯದಲ್ಲಿ, ಮುಸುಕಿನ ಜೋಳದ ಹೊಲಗಳ ನಡುವೆ ಇರುವ ಒಂದು ಸಣ್ಣ ಕಾಲೇಜಿನಲ್ಲಿ. ಒಟ್ಟು 1,700 ಮಕ್ಕಳು ಇದ್ದಾರು. ಎಂ.ಎ., ಪಿಎಚ್.ಡಿ. ಇಲ್ಲ, ಪದವಿ ತರಗತಿಗಳು ಮಾತ್ರ. ಲಿಬರಲ್ ಆರ್ಟ್ಸ್ ಕಾಲೇಜು ಅನ್ನುತ್ತಾರೆ. ಗಣಿತ, ಜೀವಶಾಸ್ತ್ರ ಎಲ್ಲಾ ಆ ಹೆಸರಿನೊಳಗೇ ಬರುತ್ತವೆ. ಎರಡನೇ ವರ್ಷ ಮುಗಿಯುವ ತನಕ ಮುಖ್ಯ ವಿಷಯ ಇಂಥದ್ದೇ ಅಂತ ಬರೆದುಕೊಡಬೇಕಿಲ್ಲ. ನಾನು 14ನೇ ಶತಮಾನದ ಇಂಗ್ಲಿಷ್ ಕವಿ ಚಾಸರನನ್ನು ಮೊದಲ ಸಲ ಓದಿದ ಸೆಮಿಸ್ಟರಿನಲ್ಲೇ ಭೂವಿಜ್ಞಾನದ ಕ್ಲಾಸಿನವರ ಜೊತೆ ಸುತ್ತಿಗೆ ಹಿಡಿದು ಹೊಳೆದಂಡೆಗೆ ಹೋಗಿದ್ದೆ. ಇಂಥ ಕಾಲೇಜುಗಳು ಈ ರಾಜ್ಯದಲ್ಲಿ ಹಳೆಯವು. ಕೆನ್ಯನ್ ಕಾಲೇಜು 1824ರದ್ದು, ಓಬರ್ಲಿನ್ 1833ರದ್ದು. ಕವಿ, ವಿಮರ್ಶಕ ಜಾನ್ ಕ್ರೋ ರಾನ್ಸಮ್ 1939ರಲ್ಲಿ 'ಕೆನ್ಯನ್ ರಿವ್ಯೂ' ಅನ್ನುವ ಸಾಹಿತ್ಯ ಪತ್ರಿಕೆ ಶುರು ಮಾಡಿದ್ದು ಆ ಕೆನ್ಯನ್‌ನಲ್ಲೇ. ಕವಿಯ ಬದುಕನ್ನು ಬದಿಗಿಟ್ಟು ಕೃತಿಯನ್ನೇ ಹತ್ತಿರದಿಂದ ಓದುವುದನ್ನು ನಮ್ಮ ವಿಮರ್ಶಕರು ಕೃತಿನಿಷ್ಠ ವಿಮರ್ಶೆ ಅನ್ನುತ್ತಾರಲ್ಲ, ಅದರ ಒಂದು ಬೇರು ಈ ಹೊಲಗಳ ನಡುವೆಯೂ ಇದೆ.

ಮೊದಲ ವರ್ಷ ನಾನು ಬಾಯಿ ಬಿಟ್ಟವನಲ್ಲ. ಕ್ಲಾಸೆಂದರೆ ಒಂದು ಉದ್ದನೆಯ ಮೇಜು, ಸುತ್ತ ಹದಿನಾಲ್ಕು ಜನ. ಹಿಂದಿನ ಬೆಂಚು ಅನ್ನುವುದೇ ಇಲ್ಲ. ಮೇಡಂ ಒಂದು ಪದ್ಯವನ್ನು ಎರಡು ಸಲ ಗಟ್ಟಿಯಾಗಿ ಓದಿಸುತ್ತಾರೆ, ಆಮೇಲೆ "ಏನು ಕಂಡಿತು?" ಅಂತ ಕೇಳಿ ಸುಮ್ಮನೆ ಕೂರುತ್ತಾರೆ. ಅರ್ಥ ಏನು ಅಂತ ಕೇಳುವುದಿಲ್ಲ. ಆ ಮೌನದಲ್ಲಿ ನನಗೆ ಕಾಣುತ್ತಿದ್ದುದು ಬಹಳ, ಆದರೆ ಅದನ್ನು ಇಂಗ್ಲಿಷಿನಲ್ಲಿ ಜೋಡಿಸುವಷ್ಟರಲ್ಲಿ ಮಾತು ಮುಂದೆ ಹೋಗಿರುತ್ತಿತ್ತು. ಇದು ಅವರ ಮನೆ ಭಾಷೆ, ನಾನು ಜಗಲಿಯಲ್ಲಿ ಕೂತ ನೆಂಟ ಅನ್ನಿಸುತ್ತಿತ್ತು.

ಅದು ಬದಲಾದದ್ದು ಎರಡನೇ ವರ್ಷ, ಹಳೆಯ ಇಂಗ್ಲಿಷಿನ, ಅಂದರೆ ಸಾವಿರ ವರ್ಷದ ಹಿಂದಿನ ಇಂಗ್ಲಿಷಿನ ಕ್ಲಾಸಿನಲ್ಲಿ. ಮೊದಲ ದಿನ ಹಂಚಿದ ಹಾಳೆಯಲ್ಲಿ 'ಬೇವುಲ್ಫ್' ಅನ್ನುವ ಆ ಕಾಲದ ವೀರಕಾವ್ಯದ ಆರಂಭದ ಸಾಲುಗಳಿದ್ದವು. ಗೆಳೆಯಾ, ಒಬ್ಬರಿಗೂ ಒಂದಕ್ಷರ ಅರ್ಥವಾಗಲಿಲ್ಲ! ಹುಟ್ಟಿನಿಂದ ಇಂಗ್ಲಿಷ್ ಆಡಿದವರೂ ನನ್ನ ಹಾಗೇ ಕಣ್ಣು ಕಿರಿದು ಮಾಡಿ ಕೂತಿದ್ದರು. ಪಕ್ಕದಲ್ಲಿದ್ದ ಹುಡುಗಿ ಇದೇ ಜಿಲ್ಲೆಯ ರೈತರ ಮಗಳು. ಅವಳೂ ನಾನೂ ಕಾರ್ಡುಗಳ ಮೇಲೆ ವಿಭಕ್ತಿ ಪ್ರತ್ಯಯ ಬರೆದುಕೊಂಡು ಊಟದ ಸಾಲಿನಲ್ಲಿ ಬಾಯಿಪಾಠ ಮಾಡಿದೆವು. ಹೌದು, ಆ ಇಂಗ್ಲಿಷಿಗೆ ವಿಭಕ್ತಿಗಳಿದ್ದವು. ಇವತ್ತಿನ 'ಲಾರ್ಡ್' ಅನ್ನುವ ಪದ ಬಿಡಿಸಿದರೆ ಸಿಗುವುದು 'ಹ್ಲಾಫ್-ವೆಯರ್ಡ್', ಅಂದರೆ ರೊಟ್ಟಿ ಕಾಯುವವನು. 'ಲೇಡಿ' ಅಂದರೆ ಹಿಟ್ಟು ನಾದುವವಳು. ನಮ್ಮ 'ಅನ್ನದಾತ' ನೆನಪಾಗಿ ನನಗೆ ಮೈ ಜುಮ್ಮೆಂದಿತು. ದೇಹವನ್ನು ಆ ಕವಿ 'ಬಾನ್-ಹೂಸ್' ಅನ್ನುತ್ತಾನೆ, ಎಲುಬಿನ ಮನೆ. ಇದನ್ನು ಓದಿದಾಗ ನಿನಗೆ ಯಾವ ವಚನ ನೆನಪಾಗುತ್ತದೆ ಅಂತ ನನಗೆ ಗೊತ್ತು.

ಆ ಕಾವ್ಯಕ್ಕೆ ಉಳಿದಿರುವುದು ಒಂದೇ ಹಸ್ತಪ್ರತಿ. ಸುಮಾರು ಕ್ರಿ.ಶ. 1000ದ್ದು. 1731ರ ಬೆಂಕಿಯಲ್ಲಿ ಅಂಚು ಸುಟ್ಟು ಹೇಗೋ ಉಳಿದುಕೊಂಡಿತು, ಈಗ ಬ್ರಿಟಿಷ್ ಲೈಬ್ರರಿಯಲ್ಲಿದೆ. ಪಂಪ 'ವಿಕ್ರಮಾರ್ಜುನ ವಿಜಯ' ಬರೆದದ್ದು 941ರಲ್ಲಿ ಅಂತ ನೀನು ಎಷ್ಟು ಸಲ ಹೇಳಿದ್ದೆ! ಆಗ ಅದು ನನಗೆ ಪರೀಕ್ಷೆಯ ಒಂದು ಇಸವಿಯಾಗಿತ್ತು ಅಷ್ಟೇ.

ಈಗ ನಿನ್ನ ಪಾಲಿನ ವಿಷಯಕ್ಕೆ ಬರುತ್ತೇನೆ. ಒಂದು ದಿನ ಮೇಡಂ ಗ್ರಿಮ್ಮನ ನಿಯಮ ಹೇಳುತ್ತಿದ್ದರು. ಜಾನಪದ ಕಥೆ ಸಂಗ್ರಹಿಸಿದ ಅಣ್ಣತಮ್ಮಂದಿರಲ್ಲಿ ದೊಡ್ಡವನಾದ ಯಾಕೋಬ್ ಗ್ರಿಮ್ 1822ರಲ್ಲಿ ವಿವರಿಸಿದ್ದು. ಲ್ಯಾಟಿನ್ನಿನಲ್ಲಿ 'ಪ' ಇರುವ ಕಡೆ ಇಂಗ್ಲಿಷಿನಲ್ಲಿ 'ಫ' ಸಿಗುತ್ತದೆ: ಅಲ್ಲಿ ಪಾಟೆರ್, ಇಲ್ಲಿ ಫಾದರ್, ಅಲ್ಲಿ ಪಿಸ್ಕಿಸ್, ಇಲ್ಲಿ ಫಿಶ್. ನನಗೇ ಗೊತ್ತಿಲ್ಲದ ಹಾಗೆ ಕೈ ಎತ್ತಿದ್ದೆ. "ನಮ್ಮ ಭಾಷೆಯಲ್ಲೂ 'ಪ' ಹೀಗೆ ಜಾಗ ಬಿಟ್ಟಿದೆ" ಅಂದೆ. ಅವರು ಸೀಮೆಸುಣ್ಣ ನನ್ನ ಕೈಗೆ ಕೊಟ್ಟರು. ಬೋರ್ಡಿನ ಮೇಲೆ ಕನ್ನಡದಲ್ಲೇ ಬರೆದೆ: ಪಾಲ್, ಹಾಲು. ಪುಲಿ, ಹುಲಿ. ಪಾವು, ಹಾವು. ಪೂ, ಹೂ. ತಮಿಳಿನಲ್ಲಿ ಇವತ್ತಿಗೂ 'ಪ' ಹಾಗೇ ಉಳಿದಿದೆ ಅಂತಲೂ ಹೇಳಿದೆ. ಕೈ ನಡುಗುತ್ತಿತ್ತು, 'ಲ'ದ ಕೊಂಬು ಸೊಟ್ಟಗಾಯಿತು. ಯಾವಾಗ ಬದಲಾಯಿತು, ಯಾಕೆ ಬದಲಾಯಿತು, ಹಳೆಯ ರೂಪ ಎಲ್ಲಿ ಸಿಗುತ್ತದೆ ಅಂತ ಅರ್ಧ ಗಂಟೆ ಪ್ರಶ್ನೆ ಕೇಳಿದರು. ಒಂದು ವರ್ಷ ಮೂಕನಾಗಿ ಕೂತಿದ್ದವನು ಉತ್ತರ ಹೇಳುತ್ತಲೇ ಹೋದೆ.

ಅದರಲ್ಲಿ ಒಂದು ಮಾತೂ ನನ್ನದಲ್ಲ. ಅಷ್ಟೂ ಶಿವಮೊಗ್ಗದ ಬಸ್ಸಿನಲ್ಲಿ, ನಿಂತುಕೊಂಡು, ನೀನು ಹೇಳಿಕೊಟ್ಟಿದ್ದು.

ಆ ರಾತ್ರಿ ನಿದ್ದೆ ಬರಲಿಲ್ಲ. ಪಿಯುಸಿ ಮುಗಿದ ಬೇಸಿಗೆಯಲ್ಲಿ, ನಿಮ್ಮನೆಯ ಗೃಹಪ್ರವೇಶದ ಊಟದ ಪಂಕ್ತಿಯಲ್ಲಿ, ಹಿರಿಯರೊಬ್ಬರು ನಿನ್ನನ್ನು ಕೇಳಿದ್ದರು: "ಬಿ.ಎ.ಗೆ ಕನ್ನಡ ತಗೊಂಡು, ಆ ಹಳಗನ್ನಡ ಓದಿ ಏನು ಕಡಿದು ಕಟ್ಟೆ ಹಾಕ್ತೀಯೋ? ಇವನನ್ನ ನೋಡು, ಇಂಗ್ಲಿಷ್ ಓದೋಕೆ ಅಮೆರಿಕಾಕ್ಕೆ ಹೊರಟಿದಾನೆ." ನೀನು ಎಲೆಯ ಮೇಲಿನ ಅನ್ನ ಕಲಸುತ್ತಾ ತಲೆ ಬಗ್ಗಿಸಿದೆ. ಪಕ್ಕದಲ್ಲೇ ಕೂತಿದ್ದ ನಾನು ಒಂದು ಮಾತೂ ಆಡಲಿಲ್ಲ. ಒಳಗೊಳಗೆ ಖುಷಿಯೂ ಆಗಿತ್ತು, ಅದನ್ನೂ ಹೇಳಿಬಿಡುತ್ತೇನೆ. ಆ ಮೌನಕ್ಕೆ ಇವತ್ತು ನಿನ್ನ ಕ್ಷಮೆ ಕೇಳುತ್ತಿದ್ದೇನೆ. ನಾನು ಇಷ್ಟು ದೂರ ಬಂದು, ವಿದ್ಯಾರ್ಥಿವೇತನ ಹಿಡಿದು, ಗ್ರಂಥಾಲಯದಲ್ಲಿ ಹಿಮದ ರಾತ್ರಿಗಳನ್ನು ಕಳೆದು ಕಲಿತ ವಿದ್ಯೆ ಇದೆಯಲ್ಲ, ಒಂದು ಸಾಲಿನ ಮುಂದೆ ಅವಸರವಿಲ್ಲದೆ ಕೂರುವ ವಿದ್ಯೆ, ಅದು ನಿನಗೆ ಹದಿನೇಳನೇ ವಯಸ್ಸಿನಲ್ಲೇ ಬರುತ್ತಿತ್ತು.

ಹಳೆಯ ಇಂಗ್ಲಿಷಿನಲ್ಲಿ 'ನಾನು'ವಿಗೆ ಒಂದು ಪದ, 'ನಾವು'ವಿಗೆ ಒಂದು ಪದ, ನಡುವೆ ಇನ್ನೊಂದು ಪದ ಇತ್ತು: 'ವಿಟ್'. ನಾವಿಬ್ಬರು ಅಂತ ಅರ್ಥ. ಸಂಸ್ಕೃತದ ದ್ವಿವಚನದ ಹಾಗೆ. 13ನೇ ಶತಮಾನದ ಹೊತ್ತಿಗೆ ಇಂಗ್ಲಿಷ್ ಅದನ್ನು ಹೆಚ್ಚುಕಡಿಮೆ ಕಳೆದುಕೊಂಡಿತು. ಅದನ್ನು ಕಾರ್ಡಿನ ಮೇಲೆ ಬರೆದು ನನ್ನ ಮೇಜಿನ ಎದುರಿನ ಗೋಡೆಗೆ ಅಂಟಿಸಿದ್ದೇನೆ.

ಜೂನ್ ಮೊದಲ ವಾರ ಊರಿಗೆ ಬರುತ್ತೇನೆ. ಮಳೆ ಹಿಡಿಯುವ ಮುಂಚೆ ನಿನಗೆ ಬಿಡುವಿದ್ದರೆ ದಿನಕ್ಕೆ ಎರಡು ಗಂಟೆ ನನಗೆ ಪಂಪಭಾರತ ಓದಿಸು. ಕರ್ಣನ ಭಾಗದಿಂದ ಶುರು ಮಾಡೋಣ. ಪ್ರತಿ ಪದ್ಯವನ್ನೂ ಎರಡು ಸಲ ಗಟ್ಟಿಯಾಗಿ ಓದು, ಅರ್ಥ ಹೇಳುವುದಕ್ಕೆ ಮೊದಲು ನನಗೆ ಸ್ವಲ್ಪ ಹೊತ್ತು ಬಿಡು.

ನಿನ್ನ,
ಬಸ್ಸಿನ ಜೊತೆಗಾರ