ಪೋರ್ಟ್‌ಲ್ಯಾಂಡ್ ರೋನ ಮೂವರಿಗೂ, ಒಂದು ತಲೆಬುರುಡೆಗೂ

ಕಳೆದ ವಾರ ವೈದ್ಯರು ಕೊನೆಯ ವರದಿ ನೋಡಿ, "ಇನ್ನು ಮಾತ್ರೆ ಬೇಡಮ್ಮ" ಎಂದರು. ಕ್ಷಯರೋಗದ ಆರು ತಿಂಗಳ ಚಿಕಿತ್ಸೆ ಮುಗಿಯಿತು. ಫೋನ್ ಮಾಡಿ ವಿಚಾರಿಸಿದ ಎಲ್ಲರಿಗೂ ಒಬ್ಬೊಬ್ಬರಾಗಿ ಉತ್ತರಿಸಲು ನನ್ನಿಂದ ಆಗಿಲ್ಲ, ಅದಕ್ಕೇ ಈ ಬರಹ. ನಾನು ಋಣಿಯಾಗಿರುವವರಲ್ಲಿ ಹೆಚ್ಚಿನವರು ನಮ್ಮ ಮನೆಯವರು, ಊರಿನವರು. ಒಬ್ಬರು ಇಂಗ್ಲೆಂಡಿನ ಲೇಖಕರು. ಇನ್ನು ಕೆಲವರು ಅವರ ಕಾದಂಬರಿಗಳಲ್ಲಿ ಮಾತ್ರ ಬದುಕಿರುವವರು. ಅವರನ್ನು ಬಿಟ್ಟರೆ ಈ ಕೃತಜ್ಞತೆ ಅರ್ಧವಾಗುತ್ತದೆ.

ಮೊದಲು ಮನೆ, ಊರು. ಕೈ ಹಿಡಿದು ಎಬ್ಬಿಸಿ ಗಂಜಿ ಕುಡಿಸಿದ ಅಮ್ಮ, ತಪ್ಪದೆ ಬಾಗಿಲಿಗೆ ಬಂದು ಮಾತ್ರೆಯ ಲೆಕ್ಕ ಕೇಳಿದ ಆಶಾ ಕಾರ್ಯಕರ್ತೆ, ನನ್ನ ಒಂಬತ್ತನೆಯ ತರಗತಿಯ ಪಾಠಗಳನ್ನು ಹಂಚಿಕೊಂಡ ಸಹೋದ್ಯೋಗಿಗಳು, ಕಾಯಿಲೆಯ ಹೆಸರು ಕೇಳಿಯೂ ಹಿಂದೆ ಸರಿಯದೆ ಕಾಂಪೌಂಡಿನಾಚೆಯಿಂದಲೇ ದಿನವೂ ಮಾತನಾಡಿಸಿದ ಪಕ್ಕದ ಮನೆಯ ಅಕ್ಕ. ನಿಮ್ಮೆಲ್ಲರ ಉಪಕಾರ ಮರೆಯುವಂಥದ್ದಲ್ಲ.

ಇನ್ನು ಪುಸ್ತಕಗಳ ವಿಷಯ. ಮೊದಲ ವಾರಗಳಲ್ಲಿ ನಾನು ಬೇರೆ ಕೋಣೆಯಲ್ಲಿದ್ದಾಗ ಅಣ್ಣನ ಮಗಳು ತನ್ನ ಐದು ಪುಸ್ತಕಗಳನ್ನು ಕಟ್ಟಿಕೊಂಡು ಬಂದಳು. ಜೊನಾಥನ್ ಸ್ಟ್ರೌಡ್ ಬರೆದ 'ಲಾಕ್‌ವುಡ್ ಅಂಡ್ ಕೋ.' ಸರಣಿ. 2013ರಿಂದ 2017ರವರೆಗೆ ವರ್ಷಕ್ಕೊಂದರಂತೆ ಬಂದವು. ಹದಿಹರೆಯದವರಿಗಾಗಿ ಬರೆದವು. ನಲವತ್ತು ದಾಟಿದ ನನಗೆ ಅವು ಬೇಕಾದ ಹೊತ್ತಿಗೇ ಸಿಕ್ಕವು.

ಕತೆ ನಡೆಯುವುದು ಲಂಡನ್ನಿನಲ್ಲಿ. ನಾವು ಕೇಳಿರುವ ಲಂಡನ್ನೇ, ಆದರೆ ಅಲ್ಲಿ ಐವತ್ತು ವರ್ಷಗಳಿಂದ ರಾತ್ರಿಯಾದರೆ ಪ್ರೇತಗಳು ಏಳುತ್ತವೆ. ಅವು ಮುಟ್ಟಿದರೆ ಸಾವು. ದೊಡ್ಡವರಿಗೆ ಅವು ಕಾಣುವುದಿಲ್ಲ, ಕೇಳುವುದೂ ಇಲ್ಲ. ಆ ಶಕ್ತಿ ಇರುವುದು ಮಕ್ಕಳಿಗೆ ಮಾತ್ರ. ಹಾಗಾಗಿ ದೊಡ್ಡವರು ಬಾಗಿಲಿಗೆ ಕಬ್ಬಿಣ, ಲ್ಯಾವೆಂಡರ್ ಹೂ ಕಟ್ಟಿ ಒಳಗೆ ಕೂರುತ್ತಾರೆ, ಮಕ್ಕಳು ಕತ್ತಿ, ಉಪ್ಪು, ಕಬ್ಬಿಣದ ಸರಪಳಿ ಹೊತ್ತು ಕತ್ತಲೆಗೆ ಹೋಗುತ್ತಾರೆ. ಈ ಕೆಲಸ ಮಾಡುವ ದೊಡ್ಡ ದೊಡ್ಡ ಏಜೆನ್ಸಿಗಳಿವೆ. ಎಲ್ಲಕ್ಕಿಂತ ಚಿಕ್ಕದು, ದೊಡ್ಡವರ ಉಸ್ತುವಾರಿಯೇ ಇಲ್ಲದ್ದು, ಪೋರ್ಟ್‌ಲ್ಯಾಂಡ್ ರೋನ 35ನೆಯ ಮನೆಯಲ್ಲಿದೆ. ಆಂಥನಿ ಲಾಕ್‌ವುಡ್, ಜಾರ್ಜ್ ಕಬಿನ್ಸ್, ಉತ್ತರದ ಊರಿನಿಂದ ಒಬ್ಬಳೇ ಬಂದ ಲೂಸಿ ಕಾರ್ಲೈಲ್. ಮುಂದಿನ ಭಾಗಗಳಲ್ಲಿ ಹಾಲಿ ಮನ್ರೋ ಮುಂತಾದವರೂ ಸೇರಿಕೊಳ್ಳುತ್ತಾರೆ, ಆದರೆ ನನ್ನ ಮನಸ್ಸು ಮೊದಲ ಮೂವರಲ್ಲೇ ನಿಂತಿದೆ.

ಈ ಮೂವರು ನನಗೆ ಕಲಿಸಿದ್ದು ಒಂದೇ ವಿಷಯ. ಪ್ರೇತ ಕಾಣಿಸಿಕೊಳ್ಳುವ ಮುನ್ನ ಕೆಲವು ಸೂಚನೆಗಳು ಬರುತ್ತವೆ. ಕೋಣೆ ತಣ್ಣಗಾಗುತ್ತದೆ, ಕೆಟ್ಟ ವಾಸನೆ ಹಬ್ಬುತ್ತದೆ, ಭಯ ಮೈಮೇಲೆ ಹರಿದಾಡುತ್ತದೆ. ಇವುಗಳ ಜೊತೆಗೆ ಇನ್ನೊಂದು: ಇದ್ದಕ್ಕಿದ್ದಂತೆ ಎದೆಗೆ ಇಳಿಯುವ ನಿರಾಶೆ. ಕೈಕಾಲು ಭಾರವಾಗಿ, ಏನು ಮಾಡಿಯೂ ಪ್ರಯೋಜನವಿಲ್ಲ ಎನಿಸತೊಡಗುತ್ತದೆ. ಹೊಸಬರು ಅದನ್ನು ತಮ್ಮದೇ ಮನಸ್ಸಿನ ಮಾತು ಎಂದು ನಂಬಿ ನಿಂತಲ್ಲೇ ನಿಂತುಬಿಡುತ್ತಾರೆ. ಲೂಸಿ ಹಾಗಲ್ಲ. ಥರ್ಮಾಮೀಟರ್ ಎಷ್ಟು ಇಳಿಯಿತು ಎಂದು ಹೇಳುವ ದನಿಯಲ್ಲೇ ನಿರಾಶೆ ಶುರುವಾಯಿತು ಎಂದೂ ಹೇಳುತ್ತಾಳೆ. ಆಮೇಲೆ ಸರಪಳಿಯ ವೃತ್ತ ಸರಿಯಾಗಿದೆಯೇ ಎಂದು ನೋಡಿ ಅದರೊಳಗೆ ನಿಲ್ಲುತ್ತಾಳೆ.

ಕ್ಷಯದ ಮಾತ್ರೆ ತೆಗೆದುಕೊಂಡವರಿಗೆ ಗೊತ್ತು. ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ, ವಾಕರಿಕೆ ಬರುತ್ತದೆ, ಸಂಜೆಯಾಗುತ್ತಿದ್ದಂತೆ ಜ್ವರ. ಅವುಗಳನ್ನು ಸಹಿಸಬಹುದು. ಆ ಜ್ವರದ ಬೆನ್ನಿಗೇ ಬರುವ "ಇನ್ನು ನನ್ನ ಕತೆ ಮುಗಿಯಿತು" ಎಂಬ ಯೋಚನೆಯನ್ನು ಸಹಿಸುವುದು ಕಷ್ಟ. ಲೂಸಿಯನ್ನು ಓದಿದ ಮೇಲೆ ನಾನು ಅದನ್ನೂ ಜ್ವರದ ಪಕ್ಕದಲ್ಲೇ ಬರೆದಿಡತೊಡಗಿದೆ. ಸಂಜೆ ಆರು, ಜ್ವರ ನೂರು, ನಿರಾಶೆ ಶುರು. ಬರೆದ ಮೇಲೆ ಕಿಟಕಿ ತೆರೆದಿದೆಯೇ, ನೀರು ಇದೆಯೇ, ನಾಳೆಯ ಮಾತ್ರೆ ಇದೆಯೇ ಎಂದು ನೋಡಿ ಮಲಗುತ್ತಿದ್ದೆ. ನಿರಾಶೆ ಬರುವುದು ನಿಲ್ಲಲಿಲ್ಲ. ಆದರೆ ಅದು ಆಡಿದ ಮಾತನ್ನು ನನ್ನ ಮಾತೆಂದು ನಂಬುವುದು ನಿಂತಿತು. ಆರು ತಿಂಗಳಲ್ಲಿ ನನಗೆ ಸಿಕ್ಕ ಅತಿ ದೊಡ್ಡ ಬಲ ಇದು.

ತಲೆಬುರುಡೆಯ ಬಗ್ಗೆ ಹೇಳಲೇಬೇಕು. ಅದು ಗಾಜಿನ ಜಾಡಿಯೊಳಗೆ ಹಸಿರಾಗಿ ಹೊಳೆಯುತ್ತಾ ಕುಳಿತಿರುವ ಪ್ರೇತ. ಅದರ ಮಾತು ಕೇಳಿಸುವುದು ಲೂಸಿಗೆ ಮಾತ್ರ. ಆ ಮಾತೋ, ಬರೀ ಮೂದಲಿಕೆ. ಮನೆಗೆ ಬಂದವರೆಲ್ಲ ನನ್ನೊಂದಿಗೆ ದನಿ ತಗ್ಗಿಸಿ, ಪಾಪ ಎನ್ನುವ ಮುಖ ಮಾಡಿ ಮಾತನಾಡುತ್ತಿದ್ದ ಕಾಲದಲ್ಲಿ ಯಾರ ಮೇಲೂ ಕನಿಕರವಿಲ್ಲದ ಈ ಬುರುಡೆ ನನ್ನನ್ನು ಹೊಟ್ಟೆ ತುಂಬ ನಗಿಸಿತು. ಪೋರ್ಟ್‌ಲ್ಯಾಂಡ್ ರೋನ ಅಡುಗೆಮನೆಯ ಮೇಜಿಗೆ ಒಂದು ಬಟ್ಟೆ ಹಾಸಿರುತ್ತಾರೆ. ಮೂವರೂ ಅದರ ಮೇಲೆಯೇ ಟಿಪ್ಪಣಿ, ನಕ್ಷೆ, ಒಬ್ಬರ ಮೇಲೊಬ್ಬರ ದೂರು ಎಲ್ಲವನ್ನೂ ಗೀಚುತ್ತಾರೆ. ಅದನ್ನು ನೋಡಿ ಅಣ್ಣನ ಮಗಳು ನನ್ನ ಕಿಟಕಿಯ ಹೊರಗೆ, ಜಗಲಿಯ ಗೋಡೆಗೆ ಹಳೆಯ ಕ್ಯಾಲೆಂಡರಿನ ಹಾಳೆಗಳನ್ನು ಬೆನ್ನು ಮುಂದಾಗಿ ಅಂಟಿಸಿದಳು. ದಿನವೂ ಕಾಲೇಜಿಗೆ ಹೊರಡುವ ಮುನ್ನ ಅಲ್ಲಿ ಒಂದು ಬುರುಡೆಯ ಚಿತ್ರ ಬರೆದು ಮಾತು ಸೇರಿಸುವಳು. "ಏನೇ ಹೆಣವೇ, ಇನ್ನೂ ಉಸಿರಾಡುತ್ತಿದ್ದೀಯಾ? ಮಾತ್ರೆ ನುಂಗು." ಅಮ್ಮ ಅದನ್ನು ಓದಿ, ಕಾಯಿಲೆಯವರಿರುವ ಮನೆಯಲ್ಲಿ ಹೆಣ ಗಿಣ ಎಂದೆಲ್ಲ ಬರೆಯುತ್ತಾರೆಯೇ ಎಂದು ರೇಗಿದರು. ಮಾರನೆಯ ದಿನ ಬುರುಡೆ "ಕ್ಷಮಿಸಿ ಅಜ್ಜಿ" ಎಂದಿತು. ಅಮ್ಮನೂ ನಕ್ಕರು.

ಚಿಕಿತ್ಸೆಯ ನಡುವೆ ಕೆಮ್ಮು ನಿಂತು ತೂಕ ಏರತೊಡಗಿದಾಗ, ಇನ್ನೇಕೆ ಮಾತ್ರೆ ಎಂದು ಯಾರಿಗಾದರೂ ಅನಿಸುತ್ತದೆ. ವೈದ್ಯರು ಎಚ್ಚರಿಸುವುದು ಅದನ್ನೇ. ಅರ್ಧಕ್ಕೆ ಬಿಟ್ಟರೆ ಔಷಧಿಗೇ ಬಗ್ಗದ ಕ್ಷಯ ಬರಬಹುದು. ಸ್ಟ್ರೌಡ್ ಅವರ ಮಕ್ಕಳಿಗೂ ಅದೇ ನಿಯಮ. ಪ್ರೇತ ಮರೆಯಾದ ಮಾತ್ರಕ್ಕೆ ಮನೆ ಬಿಟ್ಟು ಹೊರಡುವಂತಿಲ್ಲ. ಅದು ಅಂಟಿಕೊಂಡಿರುವ ಮೂಲ, ಒಂದು ಎಲುಬೋ ಒಂದು ಉಂಗುರವೋ, ಸಿಕ್ಕಿ ಬೆಳ್ಳಿಯಲ್ಲಿ ಸುತ್ತಿಟ್ಟ ಮೇಲೆಯೇ ಕೆಲಸ ಮುಗಿದಂತೆ.

ಸ್ಟ್ರೌಡ್ ಅವರೂ ಬಾಲ್ಯದಲ್ಲಿ ಕಾಯಿಲೆ ಬಿದ್ದು ಹಾಸಿಗೆಯಲ್ಲಿ ಪುಸ್ತಕ ಓದುತ್ತಾ ಕಳೆದವರು ಎಂದು ತಿಳಿದಾಗ ನನಗೆ ಆಶ್ಚರ್ಯವಾಗಲಿಲ್ಲ. ಮಲಗಿದವರಿಗೆ ಎಂಥ ಜೊತೆ ಬೇಕೆಂದು ಅವರಿಗೆ ಗೊತ್ತು. ಭೂತದ ಮನೆಯಲ್ಲಿ ಕಾಯುವಾಗಲೂ ಅವರ ಮಕ್ಕಳು ಚಹಾ ಕುಡಿಯುತ್ತಾರೆ, ಬಿಸ್ಕತ್ತಿನ ಸರದಿ ಯಾರದೆಂದು ಜಗಳವಾಡುತ್ತಾರೆ. ಧೈರ್ಯವೆಂದರೆ ಏನೆಂದು ಯಾರೂ ಭಾಷಣ ಮಾಡುವುದಿಲ್ಲ. ಸ್ಟ್ರೌಡ್ ಅವರೇ, ಈ ಕನ್ನಡದ ಸಾಲುಗಳು ನಿಮ್ಮನ್ನು ತಲುಪಲಾರವು, ಆದರೂ ನಿಮಗೆ ನನ್ನ ನಮಸ್ಕಾರ.

ಈ ಪುಸ್ತಕಗಳ ಧಾರಾವಾಹಿ 2023ರ ಜನವರಿಯಲ್ಲಿ ನೆಟ್‌ಫ್ಲಿಕ್ಸ್‌ನಲ್ಲಿ ಎಂಟು ಕಂತುಗಳಲ್ಲಿ ಬಂತು. ಅದೇ ವರ್ಷ ಮುಂದುವರಿಸದೆ ಕೈಬಿಟ್ಟರು. ಲೂಸಿಯಾಗಿ ರೂಬಿ ಸ್ಟೋಕ್ಸ್ ಬಹಳ ಚೆನ್ನಾಗಿದ್ದಾರೆ. ನೋಡಿ, ಆದರೆ ಪುಸ್ತಕದಿಂದಲೇ ಆರಂಭಿಸಿ. ಪೋರ್ಟ್‌ಲ್ಯಾಂಡ್ ರೋನ ಮನೆಯ ಮಹಡಿಯಲ್ಲಿ ಬೀಗ ಹಾಕಿದ ಕೋಣೆಯೊಂದಿದೆ, ಅದರಲ್ಲಿ ಏನಿದೆ ಎಂದು ಲಾಕ್‌ವುಡ್ ಹೇಳುವ ಗಳಿಗೆಗೆ ನೀವು ಕಾದು ತಲುಪಬೇಕು.

ಜೂನ್‌ನಲ್ಲಿ ಶಾಲೆ ತೆರೆದಾಗ ನಾನೂ ಬರುತ್ತಿದ್ದೇನೆ. ಶಾಲೆಯ ಗ್ರಂಥಾಲಯಕ್ಕೆಂದು ಐದೂ ಭಾಗಗಳನ್ನು ತರಿಸಿದ್ದೇನೆ, ಒಂಬತ್ತನೆಯ ತರಗತಿಯವರು ಸರದಿ ಹಚ್ಚಬಹುದು. ಇನ್ನು ನೀನು, ಅಣ್ಣನ ಮಗಳೇ, ನಿನ್ನ ಪುಸ್ತಕಗಳೆಲ್ಲ ಜೋಪಾನವಾಗಿವೆ. ಬುರುಡೆಗೆ ಕೊನೆಯ ಭಾಗದಲ್ಲಿ ಸಲ್ಲಬೇಕಾದ ನ್ಯಾಯ ಸಂದಿಲ್ಲ ಎನ್ನುವ ನಿನ್ನ ವಾದವನ್ನು ನಾನು ಒಪ್ಪುವುದಿಲ್ಲ. ಪರೀಕ್ಷೆ ಮುಗಿಸಿಕೊಂಡು ಬಾ, ಜಗಲಿಯ ಗೋಡೆಯಲ್ಲಿ ಇನ್ನೂ ಜಾಗವಿದೆ.