ಐವತ್ತೊಂಬತ್ತು ರೂಪಾಯಿಯ ಲೆಕ್ಕ, ಜೊತೆಗೊಂದು ನಮಸ್ಕಾರ

ನೋಡಿದವರಿಗೆ, ತಿದ್ದಿದವರಿಗೆ, ಆಗಾಗ ಬೈದವರಿಗೂ ನಮಸ್ಕಾರ.

ಈ ತಿಂಗಳ ಒಂದನೇ ತಾರೀಖಿನಿಂದ ಯೂಟ್ಯೂಬ್ ಚಾನೆಲ್ಲೇ ನಮ್ಮಿಬ್ಬರ ಪೂರ್ತಿ ಕೆಲಸ. ಎಲೆಕ್ಟ್ರಾನಿಕ್ಸು, ಕಂಪ್ಯೂಟರು ಇವನ್ನು ಕನ್ನಡದಲ್ಲಿ ಹೇಳಿಕೊಟ್ಟು ಎರಡು ಮನೆ ನಡೆಸಬಹುದು ಎಂಬುದು ಈಗ ಲೆಕ್ಕದ ಪುಸ್ತಕದಲ್ಲೇ ಕಾಣುತ್ತಿದೆ. ನಾವು ಪಟ್ಟ ಪಾಡಿನ ಕತೆ ಇಲ್ಲಿ ಬೇಡ. ಯಾರು ಏನು ಮಾಡಿದ್ದರಿಂದ ಇದು ಆಯಿತು ಅನ್ನುವುದನ್ನಷ್ಟೇ ಬರೆಯುತ್ತೇವೆ. ಯಾತಕ್ಕೆ ಅಂತ ಹೇಳದೆ ಬರೀ ಧನ್ಯವಾದ ಅಂದರೆ, ಎಲ್ಲರೂ ಚಪ್ಪಲಿ ಹುಡುಕುತ್ತಿರುವಾಗ ಮೈಕಿನಲ್ಲಿ ನಡೆಯುವ ವಂದನಾರ್ಪಣೆಯ ಹಾಗಾಗುತ್ತದೆ. ‘ನಾವೂ ಶುರು ಮಾಡಬಹುದಾ ಸಾರ್’ ಅಂತ ಕೇಳುತ್ತಿರುವವರಿಗೂ ಇದರಲ್ಲೇ ಉತ್ತರವಿದೆ.

ಮೊದಲ ನಮಸ್ಕಾರ ಮೋಟರ್ ರಿಪೇರಿಯವರಿಗೆ, ಎಲೆಕ್ಟ್ರಿಷಿಯನ್‌ಗಳಿಗೆ, ಐಟಿಐ ಮೇಷ್ಟ್ರುಗಳಿಗೆ. ಮೊಬೈಲಿನಿಂದ ಪಂಪ್ ಆನ್ ಮಾಡುವ ಪಾಠದಲ್ಲಿ ನಾವು ಆ ನೀಲಿ ಬಣ್ಣದ ಪುಟ್ಟ ರಿಲೇಯನ್ನು, ಅಂದರೆ ಕರೆಂಟಿನಿಂದ ಆನ್ ಆಫ್ ಆಗುವ ಸ್ವಿಚ್ಚನ್ನು, ನೇರವಾಗಿ ಮೋಟರಿಗೇ ಕೊಟ್ಟಿದ್ದೆವು. ರಿಲೇ ಮೇಲೆ 10 ಆಂಪಿಯರ್ ಅಂತ ಬರೆದಿರುತ್ತದೆ. 1 ಎಚ್‌ಪಿ ಸಿಂಗಲ್ ಫೇಸ್ ಮೋಟರ್ ಓಡುವಾಗ ಎಳೆಯುವುದು ಆರೇಳು ಆಂಪಿಯರ್. ಕಾಗದದ ಮೇಲೆ ಲೆಕ್ಕ ಸರಿಯಾಗಿಯೇ ಇತ್ತು. ಆದರೆ ಆ 10 ಆಂಪಿಯರ್ ಹೀಟರಿನಂಥ ಲೋಡಿಗೆ ಹೇಳಿದ ಮಾತು. ಮೋಟರ್ ಹೊರಡುವ ಕ್ಷಣದಲ್ಲಿ ಐದಾರು ಪಟ್ಟು ಕರೆಂಟ್ ಎಳೆಯುತ್ತದೆ, ರಿಲೇಯೊಳಗಿನ ಕಾಂಟ್ಯಾಕ್ಟ್ ಕಿಡಿ ಹಾರಿ ಒಂದಕ್ಕೊಂದು ಬೆಸೆದುಕೊಳ್ಳುತ್ತದೆ. ಆಮೇಲೆ ಮೊಬೈಲಿನಲ್ಲಿ ಎಷ್ಟು ಸಲ ಆಫ್ ಒತ್ತಿದರೂ ಮೋಟರ್ ನಿಲ್ಲುವುದಿಲ್ಲ. ಸಂಪಿನಲ್ಲಿ ನೀರು ಮುಗಿದ ಮೇಲೂ ಒಣಗಿದ ಪಂಪ್ ಓಡುತ್ತಲೇ ಇರುತ್ತದೆ, ಕೊನೆಗೆ ವೈಂಡಿಂಗ್ ಅಂಗಡಿಯವರಿಗೆ ಕೆಲಸ. ಆ ಅಂಗಡಿಯವರೇ ಬಂದು ಕಾಮೆಂಟಿನಲ್ಲಿ ಬರೆದರು: ರಿಲೇ ಏನಿದ್ದರೂ ಕಾಂಟ್ಯಾಕ್ಟರಿನ (ಮೋಟರಿನ ಭಾರೀ ಕರೆಂಟ್ ತಡೆಯುವ ದೊಡ್ಡ ಸ್ವಿಚ್ಚು) ಕಾಯಿಲಿಗೆ ಕರೆಂಟ್ ಕೊಡಲಿ, ಮೋಟರನ್ನು ಕಾಂಟ್ಯಾಕ್ಟರ್ ನೋಡಿಕೊಳ್ಳಲಿ, ಅದರ ಹಿಂದೆ, ಮೋಟರ್ ಅತಿಯಾಗಿ ಕರೆಂಟ್ ಎಳೆದರೆ ನಿಲ್ಲಿಸುವ ಓವರ್‌ಲೋಡ್ ರಿಲೇ ಇರಲಿ. ತಮ್ಮ ಗಿರಾಕಿಯನ್ನು ತಾವೇ ತಪ್ಪಿಸುವ ಈ ಮಾತನ್ನು ಅವರು ಹೇಳದೆಯೂ ಇರಬಹುದಿತ್ತು.

ಇನ್ನೊಂದು ತಪ್ಪು ಹಿಡಿದವರು ಡಿಪ್ಲೊಮಾ ಓದುವ ಹುಡುಗರು. ಟ್ಯಾಂಕಿನ ನೀರಿನ ಮಟ್ಟ ಅಳೆಯುವ ಎಚ್‌ಸಿ-ಎಸ್‌ಆರ್04 ಸೆನ್ಸರ್ 5 ವೋಲ್ಟಿನದು, ಅಳತೆಯ ಸಿಗ್ನಲ್ ಕೊಡುವ ಅದರ ಎಕೋ ಪಿನ್ ಹೊರಬಿಡುವುದೂ 5 ವೋಲ್ಟ್. ಅದನ್ನು ಓದುವ ಪುಟ್ಟ ಕಂಪ್ಯೂಟರ್ ಚಿಪ್ಪು ಇಎಸ್‌ಪಿ32ರ ಪಿನ್ನುಗಳು 3.3 ವೋಲ್ಟಿಗೆ ಮಾಡಿದಂಥವು. ನೇರ ಜೋಡಿಸಿದರೆ ಮೊದಲ ದಿನ ಚೆನ್ನಾಗಿಯೇ ನಡೆಯುತ್ತದೆ, ಅದೇ ಮೋಸ. ಪಿನ್ ಸತ್ತಾಗ ಕೋಡಿನಲ್ಲಿ ತಪ್ಪು ಹುಡುಕುತ್ತಾ ವಾರ ಕಳೆಯುತ್ತೀರಿ. ಎಕೋದಿಂದ 1 ಕಿಲೋ ಓಮ್, ಅಲ್ಲಿಂದ ಗ್ರೌಂಡಿಗೆ 2 ಕಿಲೋ ಓಮ್ ಹಾಕಿ ನಡುವಿನಿಂದ ತೆಗೆದರೆ 5ರ ಮೂರರಲ್ಲಿ ಎರಡು ಪಾಲು, ಅಂದರೆ 3.33 ವೋಲ್ಟ್ ಸಿಗುತ್ತದೆ. ಎರಡು ರೆಸಿಸ್ಟರಿನ ಕೆಲಸ.

ತಿದ್ದುಪಡಿ ಬಂದಾಗ ಏನು ಮಾಡುತ್ತೇವೆ ಅಂತ ಕೆಲವರು ಕೇಳಿದ್ದೀರಿ. ಯೂಟ್ಯೂಬಿಗೆ ಏರಿಸಿದ ವಿಡಿಯೊ ಜಾಗದಲ್ಲಿ ಇನ್ನೊಂದನ್ನು ತಂದು ಕೂರಿಸಲು ಬರುವುದಿಲ್ಲ. ತಪ್ಪಿದ ಭಾಗವನ್ನು ಕತ್ತರಿಸಬಹುದು, ಮಸುಕು ಮಾಡಬಹುದು, ಅಷ್ಟೆ. ಹಾಗಾಗಿ ನಮ್ಮ ಕಟ್ಟಳೆ ಇಷ್ಟು: 230 ವೋಲ್ಟ್ ಇರುವ ಕಡೆ ತಪ್ಪಿದ್ದರೆ ಎಷ್ಟು ಲಕ್ಷ ಜನ ನೋಡಿದ್ದರೂ ವಿಡಿಯೊ ತೆಗೆಯುತ್ತೇವೆ, ಹೊಸದಾಗಿ ಶೂಟ್ ಮಾಡುತ್ತೇವೆ. ಕೋಡಿನ ತಪ್ಪಾದರೆ ಕಾಮೆಂಟಿನಲ್ಲಿ ಮೇಲೆ ಪಿನ್ ಮಾಡುತ್ತೇವೆ. ‘7:42ರಲ್ಲಿ’ ಅಂತ ನಿಮಿಷ ಸೆಕೆಂಡು ಹಾಕಿ ಬರೆದವರಿಗೆ ಅರ್ಧ ದಿನದ ಕೂಲಿ ಕೊಡಬೇಕು. ‘ಎಲ್ಲೋ ತಪ್ಪಿದೆ ನೋಡಿ’ ಅಂದವರಿಗೆ, ಕ್ಷಮಿಸಿ, ನಮಸ್ಕಾರ ಮಾತ್ರ.

ಮಾತನ್ನು ತಿದ್ದಿದವರೂ ಇದ್ದಾರೆ. ನಾವು ಕೆಪಾಸಿಟರ್ ಅನ್ನುತ್ತಿದ್ದೆವು. ಪಂಪು, ಫ್ಯಾನು ರಿಪೇರಿಯ ಅಂಗಡಿಯಲ್ಲಿ ಅದು ಕಂಡೆನ್ಸರ್. ಹುಡುಕುವವರೂ ‘ಫ್ಯಾನ್ ಕಂಡೆನ್ಸರ್’ ಅಂತಲೇ ಹುಡುಕುತ್ತಾರೆ, ಅದೂ ಬಹುಪಾಲು ಇಂಗ್ಲಿಷ್ ಅಕ್ಷರಗಳಲ್ಲಿ. ಈಗ ತಲೆಬರಹದಲ್ಲಿ ಅಂಗಡಿಯ ಮಾತು, ಪಾಠದೊಳಗೆ ಎರಡೂ.

‘ಧ್ವನಿ ಕೊಡಪಾನದೊಳಗಿಂದ ಬಂದ ಹಾಗಿದೆ’ ಅಂದವರಿಗೆ ಎರಡನೆಯ ನಮಸ್ಕಾರ. ಮೈಕ್ ಬದಲಾಯಿಸಿ ಅಂತ ಎಲ್ಲರೂ ಹೇಳುತ್ತಾರೆ, ಆದರೆ ಕಾರಣ ಮೈಕ್ ಅಲ್ಲ, ದೂರ. ಮೂರು ಅಡಿ ಆಚೆ ಇಟ್ಟ ಮೈಕಿಗೆ ನಿಮ್ಮ ಮಾತಿಗಿಂತ ಗೋಡೆಯಿಂದ ವಾಪಸ್ ಬಂದ ಮಾತೇ ಹೆಚ್ಚು ಕೇಳುತ್ತದೆ. ಬಾಯಿಂದ ಒಂದು ಗೇಣು ದೂರ, ಸ್ವಲ್ಪ ಓರೆಯಾಗಿ ಇಡಿ. ಮಾತಾಡುವವರ ಹಿಂದೆ ಎರಡು ಕೌದಿ ನೇತು ಹಾಕಿ. ಅಜ್ಜಿ ಹೊಲಿದ ದಪ್ಪ ಕೌದಿಯಾದರೆ ದುಬಾರಿ ಫೋಮಿಗಿಂತ ಕಡಿಮೆಯೇನಿಲ್ಲ. ಫ್ಯಾನ್ ಆಫ್ ಮಾಡಲೇಬೇಕು, ಏಪ್ರಿಲ್ಲಾದರೂ. ರೆಕಾರ್ಡ್ ಮಾಡುವಾಗ ಏರುದನಿ ಮೈನಸ್ 12 ಡೆಸಿಬೆಲ್ ದಾಟದಿರಲಿ, ಕೊನೆಗೆ ಒಟ್ಟು ಸದ್ದು ಮೈನಸ್ 14 ಎಲ್‌ಯುಎಫ್‌ಎಸ್ (ಕಿವಿಗೆ ಒಟ್ಟಾರೆ ಎಷ್ಟು ಜೋರು ಅನ್ನುವ ಅಳತೆ) ಸುತ್ತ ಇರಲಿ. ಅದಕ್ಕಿಂತ ಜೋರಾಗಿದ್ದರೆ ಯೂಟ್ಯೂಬೇ ತಗ್ಗಿಸುತ್ತದೆ. ಮೆಲ್ಲಗಿದ್ದರೆ ಏರಿಸುವುದಿಲ್ಲ, ಹಾಗೇ ಬಿಡುತ್ತದೆ. ನಮ್ಮ ಹಳೆಯ ಪಾಠಗಳು ಪಿಸುಗುಟ್ಟುವುದು ಅದಕ್ಕೇ.

ಚಿತ್ರದಲ್ಲಿ ಕಪ್ಪು ಪಟ್ಟಿ ಓಡುತ್ತದೆ ಅಂದವರ ಮಾತೂ ನಿಜ. ನಮ್ಮ ಕರೆಂಟು 50 ಹರ್ಟ್ಸ್, ದೀಪ ಸೆಕೆಂಡಿಗೆ ನೂರು ಸಲ ಮಿನುಗುತ್ತದೆ. ಕ್ಯಾಮೆರಾ ಸೆಕೆಂಡಿಗೆ 30 ಫ್ರೇಮಿನಲ್ಲಿ, ಶಟರ್ 1/60 ಸೆಕೆಂಡಿನಲ್ಲಿದ್ದರೆ ಎರಡಕ್ಕೂ ತಾಳ ಕೂಡುವುದಿಲ್ಲ. 25 ಫ್ರೇಮು, 1/50 ಶಟರ್ ಇಟ್ಟ ಮೇಲೆ ಪಟ್ಟಿ ಹೋಯಿತು.

ಬಿಟ್ಟಿ ಸಾಫ್ಟ್‌ವೇರ್ ಮಾಡಿಕೊಟ್ಟವರಿಗೂ ಸಲ್ಲಬೇಕಾದ್ದಿದೆ. ರೆಕಾರ್ಡಿಗೆ ಒಬಿಎಸ್, ಧ್ವನಿಗೆ ಆಡಾಸಿಟಿ, ವಿಡಿಯೊ ಎಡಿಟಿಂಗಿಗೆ ಕೆಡೆನ್‌ಲೈವ್, ಚಿತ್ರ ಬರೆಯಲು ಇಂಕ್‌ಸ್ಕೇಪ್ ಇಲ್ಲದಿದ್ದರೆ ನಮ್ಮ ಮೊದಲ ವರ್ಷದ ಖರ್ಚಿನ ಪಟ್ಟಿ ಬೇರೆಯೇ ಇರುತ್ತಿತ್ತು. ಒಬಿಎಸ್‌ನಲ್ಲಿ ಮಾಮೂಲಿ ಎಂಪಿ4 ಫೈಲಿನ ಬದಲು ಎಂಕೆವಿ ಫೈಲಿನಲ್ಲಿ ರೆಕಾರ್ಡ್ ಮಾಡಿ. ನಡುವೆ ಕರೆಂಟ್ ಹೋದರೆ ಮಾಮೂಲಿ ಎಂಪಿ4 ಪೂರ್ತಿ ಹಾಳಾಗುತ್ತದೆ, ಏಕೆಂದರೆ ಅದರ ಸೂಚಿ ಬರೆಯುವುದೇ ಕಡೆಯಲ್ಲಿ. ಎಂಕೆವಿಯಲ್ಲಿ ಕರೆಂಟ್ ಹೋದ ಕ್ಷಣದ ತನಕ ಉಳಿಯುತ್ತದೆ, ಆಮೇಲೆ ಅಲ್ಲೇ ‘ರೀಮಕ್ಸ್’ ಒತ್ತಿದರೆ ಎಂಪಿ4 ಆಗುತ್ತದೆ.

ಕನ್ನಡ ಅಕ್ಷರದ ವಿಚಾರದಲ್ಲಿ ನಿಮ್ಮ ಕಣ್ಣು ಬಲು ಸೂಕ್ಷ್ಮ. ಕೆಲವು ವಿಡಿಯೊ ಎಡಿಟರುಗಳಲ್ಲಿ ‘ಪ್ರೋಗ್ರಾಂ’ ಅಂತ ಟೈಪಿಸಿದರೆ ಒತ್ತಕ್ಷರ ಕಳಚಿ ‘ಪ್‌ರೋಗ್‌ರಾಂ’ ಅಂತ ಬೀಳುತ್ತದೆ. ಫಾಂಟಿನ ತಪ್ಪಲ್ಲ, ಅಕ್ಷರ ಜೋಡಿಸುವ ಎಂಜಿನ್ನಿನ ತಪ್ಪು. ಪ್ರೀಮಿಯರ್ ಪ್ರೊ ಎಂಬ ಎಡಿಟರಿನಲ್ಲಿ ಟೆಕ್ಸ್ಟ್ ಎಂಜಿನ್ನನ್ನು ದಕ್ಷಿಣ ಏಷ್ಯಾದ ಲಿಪಿಗಳದ್ದಕ್ಕೆ ಬದಲಿಸಬೇಕು. ಕೆಡೆನ್‌ಲೈವ್‌ನಲ್ಲಿ ಈ ತಾಪತ್ರಯವಿಲ್ಲ. ಉಲ್ಟಾ ತೊಂದರೆಯೂ ಉಂಟು: ‘ಸಾಫ್ಟ್‌ವೇರ್’ ಬರೆಯಹೋದರೆ ‘ಸಾಫ್ಟ್ವೇರ್’ ಆಗಿ ವಕಾರ ಟಕಾರದ ಕಾಲಿಗೆ ಜೋತು ಬೀಳುತ್ತದೆ. ನಡುವೆ ಕಾಣದ ಒಂದು ಅಕ್ಷರ, ಯೂನಿಕೋಡ್ 200ಸಿ, ಹಾಕಿದರೆ ಮಾತ್ರ ಬಿಡಿಯಾಗಿ ನಿಲ್ಲುತ್ತದೆ. ಇದನ್ನು ತೋರಿಸಿಕೊಟ್ಟವರು ಒಬ್ಬ ನೋಡುಗರು, ಮೂರು ಪಾಠಗಳ ಸ್ಕ್ರೀನ್‌ಶಾಟಿಗೆ ಕೆಂಪು ಗೆರೆ ಹಾಕಿ ಕಳಿಸಿದ್ದರು.

ಸಬ್‌ಟೈಟಲ್ ಬರೆದವರು ಇವರೆಲ್ಲರಿಗಿಂತ ಒಂದು ಮೆಟ್ಟಿಲು ಮೇಲೆ. ನೋಡುಗರೇ ಸಬ್‌ಟೈಟಲ್ ಸೇರಿಸುವ ಸೌಲಭ್ಯವನ್ನು ಯೂಟ್ಯೂಬ್ 2020ರ ಸೆಪ್ಟೆಂಬರಿನಲ್ಲಿ ತೆಗೆದುಹಾಕಿತು. ಆದರೂ ನೀವು ಎಸ್‌ಆರ್‌ಟಿ ಫೈಲ್ (ಸಬ್‌ಟೈಟಲಿನ ಸಾಲು, ಸಮಯ ಬರೆದ ಫೈಲು) ಮಾಡಿ ಮೇಲ್ ಮಾಡುತ್ತಲೇ ಇದ್ದೀರಿ. ಕಿವಿ ಕೇಳದ ಮಕ್ಕಳಿಗೆ ಪಾಠ ತಲುಪಿದ್ದು ಹಾಗೆ. ಕಳಿಸುವವರಿಗೆ ಎರಡೇ ಕೋರಿಕೆ: ಸೇವ್ ಮಾಡುವಾಗ ಎನ್‌ಕೋಡಿಂಗ್ ಯುಟಿಎಫ್-8 ಇರಲಿ, ಇಲ್ಲದಿದ್ದರೆ ಕನ್ನಡವೆಲ್ಲ ಪ್ರಶ್ನಾರ್ಥಕ ಚಿಹ್ನೆಯಾಗಿ ಬರುತ್ತದೆ. ಸೆಕೆಂಡು, ಮಿಲಿಸೆಕೆಂಡಿನ ನಡುವೆ ಚುಕ್ಕಿ ಬೇಡ, ಅಲ್ಪವಿರಾಮ ಬೇಕು.

ಇನ್ನು ದುಡ್ಡಿನ ಮಾತು.

ಜಾಹೀರಾತಿನ ಪಾಲು ಬರಬೇಕಾದರೆ 1,000 ಸಬ್‌ಸ್ಕ್ರೈಬರ್ ಮತ್ತು ಹಿಂದಿನ 12 ತಿಂಗಳಲ್ಲಿ 4,000 ಗಂಟೆ ವೀಕ್ಷಣೆ ಆಗಿರಬೇಕು. 4,000 ಗಂಟೆ ಅಂದರೆ 2,40,000 ನಿಮಿಷ. ಒಬ್ಬರು ಸರಾಸರಿ 4 ನಿಮಿಷ ನೋಡುತ್ತಾರೆ ಅಂತಿಟ್ಟುಕೊಂಡರೆ 60,000 ವೀಕ್ಷಣೆ ಬೇಕು. ಶಾರ್ಟ್ಸ್ (ಯೂಟ್ಯೂಬಿನ ಪುಟ್ಟ ವಿಡಿಯೊ) ಫೀಡಿನಲ್ಲಿ ನೋಡಿದ ಗಂಟೆಗಳು ಇದಕ್ಕೆ ಸೇರುವುದಿಲ್ಲ, ಬಹಳ ಜನ ಎಡವುವುದು ಇಲ್ಲೇ. (ಶಾರ್ಟ್ಸ್ ದಾರಿಯೇ ಬೇರೆ: 90 ದಿನದಲ್ಲಿ 1 ಕೋಟಿ ವೀಕ್ಷಣೆ.) ಉದ್ದದ ವಿಡಿಯೊ ಜಾಹೀರಾತಿನಲ್ಲಿ ನಮಗೆ 55 ಪಾಲು, ಯೂಟ್ಯೂಬಿಗೆ 45. 8 ನಿಮಿಷ ತುಂಬಿದರೆ ನಡುವೆಯೂ ಜಾಹೀರಾತು ಹಾಕಬಹುದು. ಹಾಗಂತ 5 ನಿಮಿಷದ ಪಾಠವನ್ನು 8ಕ್ಕೆ ಎಳೆದರೆ ನೀವು ಎಲ್ಲಿ ಎದ್ದು ಹೋಗುತ್ತೀರಿ ಎಂಬುದು ಗ್ರಾಫಿನಲ್ಲಿ ನೆಟ್ಟಗೆ ಕಾಣುತ್ತದೆ.

ಅಮೆರಿಕದಲ್ಲಿರುವ ಕನ್ನಡಿಗರು ಮಕ್ಕಳಿಗೆ ಕನ್ನಡದಲ್ಲೇ ವಿಜ್ಞಾನ ಕೇಳಿಸಬೇಕು ಅಂತ ನಮ್ಮ ಪಾಠ ಹಾಕುತ್ತಾರೆ. ಅಲ್ಲಿಯ ಜಾಹೀರಾತಿನ ದರ ಇಲ್ಲಿಗಿಂತ ಹೆಚ್ಚು, ಆದ್ದರಿಂದ ಅವರ ಒಂದು ವೀಕ್ಷಣೆ ಗಳಿಕೆಯಲ್ಲಿ ಹಲವಕ್ಕೆ ಸಮ. ಆ ಗಳಿಕೆಗೆ ಅಮೆರಿಕದ ತೆರಿಗೆ ಮುರಿಯುತ್ತಾರೆ. ಅಮೆರಿಕದವರಲ್ಲ ಅಂತ ಹೇಳುವ ಡಬ್ಲ್ಯೂ-8ಬೆನ್ ಎಂಬ ತೆರಿಗೆ ಫಾರಂ ತುಂಬಿ, ಪ್ಯಾನ್ ಕೊಟ್ಟು, ಭಾರತ–ಅಮೆರಿಕ ಒಪ್ಪಂದದ ದರ ಕೇಳಿದರೆ ಅಲ್ಲಿನ ವೀಕ್ಷಣೆಯ ಪಾಲಿಗೆ ಮಾತ್ರ 15%. ಫಾರಂ ತುಂಬದೆ ಬಿಟ್ಟರೆ ಇಡೀ ಗಳಿಕೆಯ ಮೇಲೆ 24%ರ ತನಕ ಹೋಗಬಹುದು. ಹತ್ತು ನಿಮಿಷದ ಕೆಲಸ, ಇವತ್ತೇ ಮಾಡಿ.

ಆದರೆ ನಾವು ಕೆಲಸ ಬಿಡುವ ಧೈರ್ಯ ಮಾಡಿದ್ದು ಜಾಹೀರಾತು ನಂಬಿ ಅಲ್ಲ. ದಸರೆಯಿಂದ ಡಿಸೆಂಬರಿನವರೆಗೆ ಅದು ಉಬ್ಬುತ್ತದೆ, ಜನವರಿ ಬಂದ ಕೂಡಲೇ ಇಳಿಯುತ್ತದೆ, ಅದೇ ಪಾಠ, ಅಷ್ಟೇ ಜನ ನೋಡಿದರೂ. ಅಲುಗದೆ ನಿಂತದ್ದು ತಿಂಗಳಿಗೆ 59 ರೂಪಾಯಿ ಕೊಡುವ ಮೆಂಬರುಗಳ ಹಣ. ಆ 59ರಲ್ಲಿ 9 ರೂಪಾಯಿ ಜಿಎಸ್‌ಟಿ. ಉಳಿದ 50ರಲ್ಲಿ ಯೂಟ್ಯೂಬಿಗೆ 15, ನಮಗೆ 35. ಒಂದು ಸಾವಿರ ಜನ ಕೊಟ್ಟರೆ 35,000, ಅದು ಜನವರಿಯಲ್ಲೂ 35,000. ಇಬ್ಬರ ಮನೆಬಾಡಿಗೆ, ಇಂಟರ್‌ನೆಟ್, ರೇಷನ್ನು ಈ ಹಣದಲ್ಲಿ ಆರು ತಿಂಗಳು ಸತತವಾಗಿ ಆಗುತ್ತದಾ ಅಂತ ನೋಡಿ, ಆಮೇಲೆ ರಾಜೀನಾಮೆ ಬರೆಯುವುದು ಅಂತ ಗೆರೆ ಹಾಕಿಕೊಂಡಿದ್ದೆವು. ಜಾಹೀರಾತಿನದ್ದು ಕ್ಯಾಮೆರಾ, ಹಾರ್ಡ್ ಡಿಸ್ಕಿಗೆ. ಮೆಂಬರುಗಳಿಗೆ ಪ್ರತ್ಯೇಕ ಪಾಠ ಮಾಡಿ ಅಂತ ಸಲಹೆ ಬಂದಾಗ ಬೇಡ ಅಂದವರು ಮೆಂಬರುಗಳೇ. ಸರ್ಕ್ಯೂಟ್ ಚಿತ್ರ, ಕೋಡು ಎಲ್ಲರಿಗೂ ತೆರೆದೇ ಇರಲಿ ಅಂದಿರಿ. ದುಡ್ಡು ಕೊಟ್ಟು ಏನನ್ನೂ ಕೇಳದವರಿಗೆ ಹೇಗೆ ನಮಸ್ಕಾರ ಹೇಳುವುದು ಅಂತ ಇವತ್ತಿಗೂ ಗೊತ್ತಾಗಿಲ್ಲ.

ಕಂಪನಿಗಳು ಕಳಿಸುವ ಬಿಟ್ಟಿ ವಸ್ತುಗಳ ಬಗ್ಗೆ ಗದರಿದವರಿಗೂ ಥ್ಯಾಂಕ್ಸ್. ಈಗ ಪರೀಕ್ಷೆ ಮುಗಿದ ಮೇಲೆ ವಾಪಸ್ ಕಳಿಸುತ್ತೇವೆ. ಇಟ್ಟುಕೊಂಡರೆ ಅದೂ ಆದಾಯವೇ: ವರ್ಷಕ್ಕೆ 20,000 ರೂಪಾಯಿ ದಾಟಿದರೆ ಕೊಟ್ಟವರು 10% ತೆರಿಗೆ ಮುರಿಯಬೇಕು ಅನ್ನುವ ನಿಯಮ 2022ರ ಜುಲೈ 1ರಿಂದ ಇದೆ. ದುಡ್ಡು ಪಡೆದು ಮಾಡಿದ ಪಾಠವಾದರೆ ಜಾಹೀರಾತು ಅಂತ ಶುರುವಿನಲ್ಲೇ ಹೇಳುತ್ತೇವೆ. ಒಂದು ಎಚ್ಚರಿಕೆ: ‘ಸ್ಪಾನ್ಸರ್’ ಅಂತ ಹೇಳಿಕೊಂಡು ಪಾಸ್‌ವರ್ಡ್ ಹಾಕಿದ ಜಿಪ್ ಕಳಿಸಿದರೆ ತೆರೆಯಬೇಡಿ. ಒಳಗಿನ ಫೈಲಿಗೆ ಪಿಡಿಎಫ್ ಚಿತ್ರವಿದ್ದರೂ ಅದು ಪ್ರೋಗ್ರಾಂ ಆಗಿರುತ್ತದೆ. ಲಾಗಿನ್ ಆಗಿರುವ ಕುಕಿಯನ್ನೇ ಕದಿಯುತ್ತದೆ, ಒಟಿಪಿಯೂ ನಿಮ್ಮನ್ನು ಕಾಪಾಡುವುದಿಲ್ಲ.

ನೌಕರಿ ಬಿಡಬೇಕು ಅಂತಿರುವವರಿಗೆ ಎರಡು ಮಾತು. ಕಂಪನಿಯ ವಿಮೆ ಕೆಲಸದ ಜೊತೆಗೇ ಹೋಗುತ್ತದೆ. ಸ್ವಂತ ಆರೋಗ್ಯ ವಿಮೆಯನ್ನು ನೌಕರಿಯಲ್ಲಿರುವಾಗಲೇ ಕೊಳ್ಳಿ, ಏಕೆಂದರೆ ಮೊದಲೇ ಇರುವ ಕಾಯಿಲೆಗೆ ಮೂರು ವರ್ಷದ ತನಕ ಕಾಯಿಸಬಹುದು. ಮತ್ತೆ, ಸಂಬಳದಲ್ಲಿ ತೆರಿಗೆ ತಾನಾಗಿ ಕಡಿತವಾಗುತ್ತಿತ್ತು. ಇನ್ನು ಜೂನ್, ಸೆಪ್ಟೆಂಬರ್, ಡಿಸೆಂಬರ್, ಮಾರ್ಚ್ ತಿಂಗಳ 15ರೊಳಗೆ ಮುಂಗಡ ತೆರಿಗೆ ನೀವೇ ಕಟ್ಟಬೇಕು: ಒಟ್ಟು ತೆರಿಗೆಯ 15, 45, 75, ಕೊನೆಗೆ 100%. ಬಂದ ಹಣದಲ್ಲಿ ಒಂದು ಪಾಲನ್ನು ಬೇರೆ ಖಾತೆಗೆ ಹಾಕಿ ಮರೆತುಬಿಡಿ.

ಪಂಪ್ ಪಾಠ ಕಾಂಟ್ಯಾಕ್ಟರ್ ಸಮೇತ ಮತ್ತೆ ಶೂಟ್ ಆಗುತ್ತಿದೆ, ಶನಿವಾರ ಬೆಳಿಗ್ಗೆ ಹಾಕುತ್ತೇವೆ. ವೈರಿಂಗ್ ಚಿತ್ರ ಇವತ್ತೇ ಹಾಕಿದ್ದೇವೆ. ಮೋಟರ್ ಅಂಗಡಿಯವರು ದಯವಿಟ್ಟು ಒಮ್ಮೆ ನೋಡಿ. ಅದರಲ್ಲಿ ನಿಮಿಷ ಸೆಕೆಂಡು ಇಲ್ಲ, ತಪ್ಪಿದ್ದರೆ ವೈರಿನ ಬಣ್ಣ ಹೇಳಿ ಬರೆಯಿರಿ.