ಬೆಲ್ಲದ ಪೊಟ್ಟಣದ ಮೇಲೆ ನಿಜ ಬರೆಯೋಕೆ ಏನು ಕಷ್ಟ?

ಮಾನ್ಯರೇ,

ಕಲಬೆರಕೆ ಬೆಲ್ಲದ ಬಗ್ಗೆ ನಿಮ್ಮ ಪತ್ರಿಕೆಯಲ್ಲಿ ಬಂದ ವರದಿ ಓದಿ ಬರೆಯುತ್ತಿದ್ದೇನೆ. ಆಲೆಮನೆಯಲ್ಲಿ ಸಕ್ಕರೆ ಸುರಿಯುತ್ತಾರೆ, ಬಣ್ಣ ತಿಳಿಯಾಗಲಿ ಅಂತ ಹೈಡ್ರೋಸ್ ಎಂಬ ಗಂಧಕದ ಕೆಮಿಕಲ್ ಹಾಕುತ್ತಾರೆ ಅಂತ ಬರೆದಿದ್ದೀರಿ. ಸರಿ. ಮಂಡ್ಯದಲ್ಲಿ ಇದು ಯಾರಿಗೆ ಗೊತ್ತಿಲ್ಲ ಹೇಳಿ? ಆದರೆ ಅಂಥದೇ ಬೆಲ್ಲ ಪೊಟ್ಟಣ ಸೇರಿ, ಮೇಲೆ ‘ಸಾವಯವ’ ಅಂತ ಬರೆಸಿಕೊಂಡು, ದುಪ್ಪಟ್ಟು ರೇಟಿಗೆ ನಮ್ಮ ಅಡುಗೆಮನೆಗೆ ಬರುತ್ತಿರಬಹುದಲ್ಲ, ಅದರ ಬಗ್ಗೆ ಒಂದು ಸಾಲೂ ಇಲ್ಲ.

ಈ ಸಂಕ್ರಾಂತಿಗೆ ನಮ್ಮ ಮನೆಯಲ್ಲಿ ಆದದ್ದು ಕೇಳಿ. ಮೊಮ್ಮಗಳಿಗೆ ಉಬ್ಬಸ ಇದೆ. ಅದಕ್ಕೇ ಮಾರ್ಕೆಟ್ ಬೆಲ್ಲ ಬೇಡ ಅಂತ ಪೇಟೆಬೀದಿಯ ಅಂಗಡಿಯೊಂದರಿಂದ ‘ಕೆಮಿಕಲ್ ಫ್ರೀ’ ಅಚ್ಚು ಬೆಲ್ಲ ತಂದು, ಕೂತು ಹೆಚ್ಚಿ ಎಳ್ಳು-ಬೆಲ್ಲ ಮಾಡಿದೆವು. ರಾತ್ರಿ ಮಗುವಿಗೆ ಉಸಿರು ಕಟ್ಟಿತು. ಹಬ್ಬದ ದಿನ, ಆಟೊ ಸಿಗಲಿಲ್ಲ, ಪಕ್ಕದ ಮನೆಯವರನ್ನು ಎಬ್ಬಿಸಿ ಅವರ ಕಾರಿನಲ್ಲಿ ಹೋಗಬೇಕಾಯಿತು. ನೆಬ್ಯುಲೈಸರ್ ಇಟ್ಟ ಮೇಲೆ ಡಾಕ್ಟರ್ ಕೇಳಿದರು, ‘ಏನು ತಿಂದಳು? ಬೆಲ್ಲದಲ್ಲಿ ಸಲ್ಫೈಟ್ ಇತ್ತಾ?’ ಹೈಡ್ರೋಸ್ ಹಾಕಿದ ಬೆಲ್ಲದಲ್ಲಿ ಉಳಿಯುವುದೇ ಈ ಸಲ್ಫೈಟ್. ಬೆಲ್ಲದಿಂದಲೇ ಹಾಗಾಯಿತು ಅಂತ ನಾನು ಹೇಳುತ್ತಿಲ್ಲ, ಅವರೂ ಹೇಳಲಿಲ್ಲ. ಆದರೆ ಅವರು ಕೇಳಿದ್ದಕ್ಕೆ ಉತ್ತರ ಪೊಟ್ಟಣದ ಮೇಲೆ ಇರಬೇಕಿತ್ತು, ಅಲ್ವಾ?

ಮನೆಗೆ ಬಂದು ಕನ್ನಡಕ ಹಾಕಿಕೊಂಡು ಓದಿದೆ. ಮುಂದೆ ಹಸಿರು ಎಲೆಯ ಚಿತ್ರ, ಒಂದು ಜೋಡಿ ಎತ್ತು. ಹಿಂದೆ ‘ಪ್ಯಾಕ್ ಮಾಡಿದ ದಿನದಿಂದ 12 ತಿಂಗಳು’ ಅಂತಿದೆ. ಪ್ಯಾಕ್ ಮಾಡಿದ ದಿನ ಯಾವುದು? ಅದರ ಮೇಲೆ ಅಂಗಡಿಯವರು ರೇಟಿನ ಸ್ಟಿಕ್ಕರ್ ಅಂಟಿಸಿದ್ದಾರೆ. ಉಗುರಲ್ಲಿ ಕೆರೆದರೆ ಅಕ್ಷರವೂ ಕಿತ್ತುಬಂತು. ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ ಕೊಡುವ ಎಫ್‌ಎಸ್‌ಎಸ್‌ಎಐ ನಂಬರ್ 14 ಅಂಕಿ ಇರಬೇಕು, ಇದರಲ್ಲಿ 13 ಇದೆ. ಸಾವಯವ ಅನ್ನುವುದಕ್ಕೆ ಸರ್ಕಾರದ ‘ಜೈವಿಕ್ ಭಾರತ್’ ಗುರುತು ಇಲ್ಲವೇ ಇಲ್ಲ. ಕೆಳಗೆ ಕೊಟ್ಟಿದ್ದ ಫೋನ್ ಸ್ವಿಚ್ ಆಫ್. ಅಂಗಡಿಯವರನ್ನು ಕೇಳಿದರೆ ‘ಬೇಕಾದ್ರೆ ತಗೊಳ್ಳಿ ಅಮ್ಮಾ, ಎಲ್ಲರೂ ತಗೋತಾರೆ’ ಅಂದರು.

ಕಾನೂನಿಗೇನೂ ಬರ ಇಲ್ಲ. ಬೆಲ್ಲದಲ್ಲಿ ಸಲ್ಫರ್ ಡೈಆಕ್ಸೈಡ್ (ಸಲ್ಫೈಟ್ ಅಳೆಯುವುದು ಇದರ ಲೆಕ್ಕದಲ್ಲೇ) 70 ಪಿಪಿಎಂ, ಅಂದರೆ ಕೆಜಿಗೆ 70 ಮಿಲಿಗ್ರಾಂ ಮೀರಬಾರದು. ಒಂದು ಕೆಜಿಗೆ 10 ಮಿಲಿಗ್ರಾಂ ಅಥವಾ ಅದಕ್ಕಿಂತ ಜಾಸ್ತಿ ಸಲ್ಫೈಟ್ ಇದ್ದರೆ ಅದನ್ನು ಅಲರ್ಜಿ ಪಟ್ಟಿಯಲ್ಲಿ ಬರೆಯಲೇಬೇಕು ಅಂತ 2020ರ ಲೇಬಲ್ ನಿಯಮದಲ್ಲಿದೆ. ಉಬ್ಬಸ ಇರುವ ಕೆಲವರಿಗೆ ಅದು ಆಗಿಬರುವುದಿಲ್ಲ, ಅದಕ್ಕೇ ಆ ನಿಯಮ. ಸಾವಯವ ಅಂತ ಮಾರುವುದಕ್ಕೂ ಸರ್ಟಿಫಿಕೇಟ್ ಬೇಕು ಅಂತ 2017ರಲ್ಲೇ ನಿಯಮ ಬಂದಿದೆ. ವರ್ಷಕ್ಕೆ 12 ಲಕ್ಷದೊಳಗೆ ವ್ಯಾಪಾರ ಇರುವ ಸಣ್ಣ ರೈತ ತಾನೇ ನೇರವಾಗಿ ಗ್ರಾಹಕರಿಗೆ ಮಾರಿದರೆ ಸರ್ಟಿಫಿಕೇಟ್ ಬೇಡ, ಅದು ನ್ಯಾಯ. ಆದರೆ ಅಂಗಡಿ ಕಪಾಟಿನಲ್ಲಿರುವ ಪೊಟ್ಟಣ ಆ ರೈತ ನೇರವಾಗಿ ಮಾರಿದ್ದಲ್ಲವಲ್ಲ.

ನಾನು ಆಲೆಮನೆ ಇದ್ದ ಮನೆಯಲ್ಲಿ ಬೆಳೆದವಳು. ಬೆಂಡೆ ಗಿಡ ಜಜ್ಜಿ, ಅದರ ಲೋಳೆಯನ್ನು ಕೊಪ್ಪರಿಗೆಗೆ ಬಿಟ್ಟರೆ ಕೊಳೆಯೆಲ್ಲ ನೊರೆಯಾಗಿ ಮೇಲೆ ಬರುತ್ತಿತ್ತು. ಅಪ್ಪ ಉದ್ದ ಹಿಡಿಯ ಜಾಲರಿಯಲ್ಲಿ ಅದನ್ನು ಎತ್ತಿ ಎತ್ತಿ ಹಾಕುತ್ತಿದ್ದರು. ಬೆಲ್ಲ ಕಂದು ಬಣ್ಣ ಬರುತ್ತಿತ್ತು, ಯಾರೂ ಮೂಗು ಮುರಿಯುತ್ತಿರಲಿಲ್ಲ. ಈಗ ಕಬ್ಬಿಗೆ ಯೂರಿಯಾ ಸುರಿದದ್ದೇ ಸುರಿದದ್ದು. ಯೂರಿಯಾ ಜಾಸ್ತಿಯಾದರೆ ಬೆಲ್ಲ ಕಪ್ಪಗಾಗುತ್ತದೆ, ಅಚ್ಚು ಗಟ್ಟಿ ನಿಲ್ಲುವುದಿಲ್ಲ. ಮಾರುಕಟ್ಟೆಯಲ್ಲಿ ಹಳದಿ ಬೆಲ್ಲಕ್ಕೇ ರೇಟು. ಹಾಗಾಗಿ ಹೈಡ್ರೋಸ್ ಬಂತು. ರೈತನನ್ನು ಮಾತ್ರ ಬೈದರೆ ಏನು ಬಂತು? ಹೊಲದಲ್ಲಿ ಏನು ಹಾಕಿದರು, ಕೊಪ್ಪರಿಗೆಗೆ ಏನು ಹಾಕಿದರು, ಇಷ್ಟು ಪೊಟ್ಟಣದ ಮೇಲೆ ಇದ್ದರೆ ಕಂದು ಬೆಲ್ಲಕ್ಕೆ ಜಾಸ್ತಿ ಕೊಟ್ಟು ತಗೊಳ್ಳುವವರು ನಾವಿದ್ದೇವೆ.

ಇದು ಆಗದ ಕೆಲಸ ಅಂತ ಯಾರೂ ಹೇಳಬೇಡಿ. ಯುರೋಪಿಗೆ ಹೋಗುವ ದ್ರಾಕ್ಷಿ ಯಾವ ತೋಟದ್ದು ಅಂತ ಪೆಟ್ಟಿಗೆ ಹಿಡಿದು ಹೇಳುವ ‘ಗ್ರೇಪ್‌ನೆಟ್’ ವ್ಯವಸ್ಥೆ ನಮ್ಮ ಕೇಂದ್ರ ಸರ್ಕಾರದ್ದೇ. ಅಲ್ಲಿಯವರು ಕೇಳುತ್ತಾರೆ, ಸರ್ಕಾರ ಕೊಡುತ್ತದೆ. ನಾವು ಕೇಳಿದರೆ ಕಿವಿ ಕೇಳಿಸುವುದಿಲ್ಲ. ಕುಲಾಂತರಿ, ಅಂದರೆ ಜೀನ್ ಬದಲಿಸಿದ ಬೆಳೆಯ ಆಹಾರದ ಪೊಟ್ಟಣದ ಮೇಲೆ ‘ಜಿಎಂ’ ಅಂತ ಬರೆಯಬೇಕು ಎಂಬ ನಿಯಮ 2013ರ ಜನವರಿಯಲ್ಲೇ ಜಾರಿಗೆ ಬಂತು. ಕುಲಾಂತರಿಯಾದ ಬಿಟಿ ಹತ್ತಿಯನ್ನು 2002ರಿಂದ ಬೆಳೆಯುತ್ತಿದ್ದಾರೆ, ಹತ್ತಿಬೀಜದ ಎಣ್ಣೆ ಅಡುಗೆಗೆ ಹೋಗುತ್ತಿದೆ. ಆ ಎರಡು ಅಕ್ಷರ ಒಂದು ಪೊಟ್ಟಣದ ಮೇಲೂ ನನ್ನ ಕಣ್ಣಿಗೆ ಬಿದ್ದಿಲ್ಲ.

ಪರೀಕ್ಷೆ ಮಾಡಿಸೋಣ ಅಂತ ಬೆಲ್ಲ ಹಿಡಿದು ಆಹಾರ ಸುರಕ್ಷತಾ ಇಲಾಖೆಯ ಕಚೇರಿಗೂ ಹೋದೆ. ಆಹಾರ ಸುರಕ್ಷತಾ ಕಾಯ್ದೆಯ 40ನೇ ಸೆಕ್ಷನ್ ಪ್ರಕಾರ ಕೊಂಡವರೇ ಶುಲ್ಕ ಕಟ್ಟಿ ಪರೀಕ್ಷೆ ಮಾಡಿಸಬಹುದು, ತಪ್ಪು ಕಂಡುಬಂದರೆ ದುಡ್ಡು ವಾಪಸ್. ಅಲ್ಲಿದ್ದವರಿಗೆ ಅದು ಗೊತ್ತೇ ಇರಲಿಲ್ಲ. ‘ಪೊಟ್ಟಣ ಒಡೆದಿದ್ದೀರಿ, ಆಗಲ್ಲ’ ಅಂದರು. ಒಡೆಯದೆ ಬೆಲ್ಲ ತಿನ್ನುವುದು ಹೇಗೆ ಅಂತ ಅವರೇ ಹೇಳಿಕೊಡಲಿ! ಸಾಹೇಬರು ಮೀಟಿಂಗಿನಲ್ಲಿದ್ದರಂತೆ. ಹಿಂದೆ ನಮ್ಮ ಬೀದಿಯ ನಲ್ಲಿಯಲ್ಲಿ ಕೊಳಚೆ ನೀರು ಬಂದಾಗಲೂ, ತೂಕದಲ್ಲಿ ಮೋಸ ಅಂತ ದೂರು ಕೊಟ್ಟಾಗಲೂ, ಆಯಾ ಸಾಹೇಬರು ಮೀಟಿಂಗಿನಲ್ಲೇ ಇದ್ದರು. 2024ರಲ್ಲಿ ಗೋಬಿ ಮಂಚೂರಿಗೆ ಕೃತಕ ಬಣ್ಣ ಹಾಕಬಾರದು ಅಂತ ಆದೇಶ ಆಯಿತು. ನಮ್ಮ ಬೀದಿ ಕೊನೆಯ ಗಾಡಿಯಲ್ಲಿ ಇವತ್ತಿಗೂ ಗೋಬಿ ಕುಂಕುಮದ ಹಾಗೆ ಕೆಂಪಗಿದೆ. 2025ರಲ್ಲಿ ಇಡ್ಲಿ ಬೇಯಿಸೋಕೆ ಪ್ಲಾಸ್ಟಿಕ್ ಬೇಡ ಅಂದರು. ಬೇಸಿಗೆ ಬಂದರೆ ಮಾವಿಗೆ ಕಾರ್ಬೈಡ್ ಹಾಕಬೇಡಿ ಅಂತ ಪ್ರತಿ ವರ್ಷ ಹೇಳಿಕೆ. ಹೇಳಿಕೆಯಲ್ಲೇ ಎಲ್ಲ ಮುಗಿಯುತ್ತದೆ.

ಆಲೆಮನೆ ದಾಳಿಯ ಫೋಟೊ ತೆಗೆಸಿಕೊಂಡದ್ದು ಸಾಕು. ಸಂಬಳ ತಗೊಳ್ಳುವವರು ಕುರ್ಚಿ ಬಿಟ್ಟು ಎದ್ದು ಪೇಟೆಬೀದಿಗೆ ಬಂದು ಒಂದೊಂದೇ ಪೊಟ್ಟಣ ಓದಲಿ. ಸುಳ್ಳು ಬರೆದವರ ಅಂಗಡಿ ಮುಚ್ಚಿಸಲಿ. ಅದು ಆಗದಿದ್ದರೆ ‘ಸಾವಯವ’, ‘ಕೆಮಿಕಲ್ ಫ್ರೀ’ ಅಂತ ಬರೆಯುವುದನ್ನಾದರೂ ಪೂರ್ತಿ ನಿಲ್ಲಿಸಲಿ. ಎರಡರಲ್ಲಿ ಒಂದನ್ನೂ ಮಾಡಲಾಗದವರು ಆ ಇಲಾಖೆಯಲ್ಲಿ ಯಾಕಿದ್ದಾರೆ?

– ಒಬ್ಬ ಗೃಹಿಣಿ, ಮಂಡ್ಯ